ಎಂಬಿಸಿಂಕ್‌ನ ನಿರುಪದ್ರವಿ ಎಚ್ಚರಿಕೆಗಳನ್ನು ಮಾತ್ರ ತಡೆಯುವುದು ಹೇಗೆ?

ಧಾರವಾಡದ ಪ್ರಕಾಶಕಿ:
ನಮ್ಮದು ಚಿಕ್ಕ ಪ್ರಕಾಶನ. ಹಸ್ತಪ್ರತಿ, ತಿದ್ದಿದ ಕರಡು ಎಲ್ಲವೂ ಇಮೇಲ್‌ನಲ್ಲೇ ಬರುತ್ತವೆ. ಅವುಗಳ ಪ್ರತಿ ನಮ್ಮಲ್ಲೂ ಇರಲಿ ಎಂದು ಕಚೇರಿಯ ಉಬುಂಟು ಕಂಪ್ಯೂಟರಿಗೆ ಎಂಬಿಸಿಂಕ್ (ಸರ್ವರ್‌ನ ಇಮೇಲ್‌ಗಳನ್ನು ಕಂಪ್ಯೂಟರಿಗೆ ನಕಲಿಸಿ ಸರಿಹೊಂದಿಸುವ ತಂತ್ರಾಂಶ) ಹಾಕಿದ್ದೇವೆ. ಗೊತ್ತುಪಡಿಸಿದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಅದನ್ನು ಹತ್ತು ನಿಮಿಷಕ್ಕೊಮ್ಮೆ ಓಡಿಸುತ್ತದೆ. ಪ್ರತಿ ಸಲವೂ ‘ಮಾಸ್ಟರ್, ಸ್ಲೇವ್ ಹಳತಾಗಿವೆ, ಫಾರ್, ನಿಯರ್ ಬಳಸಿ’ ಎಂಬ ಸೂಚನೆ (ಸಿಂಕ್‌ನ ಎರಡು ಬದಿಗಳಿಗೆ ಇಟ್ಟ ಹೆಸರುಗಳಿವು). ಕ್ರಾನ್ ಅದನ್ನು ಪತ್ರ ಮಾಡಿ ನನಗೆ ಕಳುಹಿಸುತ್ತದೆ, ದಿನಕ್ಕೆ 144 ಪತ್ರ! ಈಚೆಗೆ ಲಾಗಿನ್ ವಿಫಲವಾದ ಸಂದೇಶವೂ ಈ ರಾಶಿಯೊಳಗೆ ಹೂತುಹೋಯಿತು. ಹಿರಿಯ ಲೇಖಕರೊಬ್ಬರು ‘ಕರಡು ತಲುಪಿತೇನಮ್ಮಾ?’ ಎಂದು ಫೋನ್ ಮಾಡಿದಾಗಲೇ ತಿಳಿದದ್ದು. ಎಲ್ಲವನ್ನೂ ಡೆವ್ ನಲ್‌ಗೆ (ಬಂದದ್ದನ್ನೆಲ್ಲ ಬಿಸಾಡುವ ವಿಶೇಷ ಕಡತಕ್ಕೆ) ತಳ್ಳಿಬಿಡಿ ಎನ್ನುತ್ತಾರೆ ಪರಿಚಯದವರು. ನನಗೆ ಅದು ಸುತರಾಂ ಒಪ್ಪಿಗೆಯಿಲ್ಲ. ನಿಜವಾದ ದೋಷ ನನಗೆ ತಿಳಿಯಲೇಬೇಕು.

ಲಿನಕ್ಸ್ ಅಭ್ಯಾಸಿ:
ಮೇಡಂ, ನಿಮ್ಮ ಹಟ ಸರಿಯಾಗಿದೆ. ಈ ಸೂಚನೆಯನ್ನು ಅಡಗಿಸಬೇಕಿಲ್ಲ, ಅದರ ಕಾರಣವನ್ನೇ ತೆಗೆಯಬಹುದು. 2021ರ 1.4 ಆವೃತ್ತಿಯಿಂದ ಆ ಪದಗಳು ಬದಲಾಗಿವೆ. ಸಂರಚನಾ ಕಡತದಲ್ಲಿ ಮಾಸ್ಟರ್ ಇದ್ದಲ್ಲಿ ಫಾರ್, ಸ್ಲೇವ್ ಇದ್ದಲ್ಲಿ ನಿಯರ್ ಎಂದು ಬರೆಯಿರಿ. ‘ಕ್ರಿಯೇಟ್ ಸ್ಲೇವ್’ ಎಂಬ ಸಾಲನ್ನು ಮರೆಯಬೇಡಿ.

ಶಿರಸಿಯವ:
ಜೊತೆಗೆ ಎಂಬಿಸಿಂಕ್ ಆದೇಶಕ್ಕೆ ಕ್ಯೂ (-q) ಆಯ್ಕೆಯನ್ನು ಒಮ್ಮೆ ಕೊಡಿ, ಸೂಚನೆಗಳು ನಿಲ್ಲುತ್ತವೆ. ಎರಡು ಸಲ ಕೊಟ್ಟರೆ ಎಚ್ಚರಿಕೆಗಳೂ ಮಾಯವಾಗುತ್ತವೆ, ಅದು ಬೇಡ. ಆದೇಶ ಏನನ್ನು ಮುದ್ರಿಸಿದರೂ ಕ್ರಾನ್ ಪತ್ರ ಕಳುಹಿಸುತ್ತದೆ. ಅದಕ್ಕೇ ಮೋರ್‌ಯುಟಿಲ್ಸ್ ಎಂಬ ತಂತ್ರಾಂಶ ಪೊಟ್ಟಣದಲ್ಲಿ ‘ಕ್ರಾನಿಕ್’ ಇದೆ. ಆದೇಶದ ಮುಂದೆ ಅದನ್ನು ಸೇರಿಸಿದರೆ, ಕೆಲಸ ಕೆಟ್ಟಾಗ ಮಾತ್ರ ಪೂರ್ತಿ ಔಟ್‌ಪುಟ್ ತೋರಿಸುತ್ತದೆ.

ಧಾರವಾಡದ ಪ್ರಕಾಶಕಿ:
ಇಬ್ಬರಿಗೂ ಧನ್ಯವಾದ. ಎರಡನ್ನೂ ಮಾಡಿದೆ, ಪತ್ರಗಳು ನಿಂತವು. ಆದರೆ ನಿನ್ನೆ ಸಂಜೆ ಗುಡುಗು ಮಳೆಗೆ ಬ್ರಾಡ್‌ಬ್ಯಾಂಡ್ ಹೋಯಿತು. ಯುಪಿಎಸ್ ಮೇಲೆ ಕಂಪ್ಯೂಟರ್ ಓಡುತ್ತಲೇ ಇತ್ತು, ಸಿಂಕ್ ಪ್ರತಿ ಸಲ ವಿಫಲವಾಗಿ ಮತ್ತೆ ಹತ್ತು ನಿಮಿಷಕ್ಕೊಂದು ಪತ್ರ. ಇಲ್ಲಿ ಮಳೆಗಾಲ ಚಿಕ್ಕದಲ್ಲ!

ಶಿರಸಿಯವ:
ಹಾಗಾದರೆ ಕ್ರಾನಿಕ್ ಬಿಡಿ. ಔಟ್‌ಪುಟ್ ಒಂದು ಲಾಗ್ (ದಾಖಲೆ) ಕಡತಕ್ಕೆ ಹೋಗಲಿ. ಸಿಂಕ್ ಯಶಸ್ವಿಯಾದಾಗಲೆಲ್ಲ ಒಂದು ಖಾಲಿ ಕಡತಕ್ಕೆ ‘ಟಚ್’ ಮಾಡಿಸಿ, ಆಗ ಅದರ ಸಮಯ ಹೊಸದಾಗುತ್ತದೆ. ಕ್ರಾನ್‌ನಲ್ಲಿ ಬೇರೊಂದು ಸಾಲು ಬರೆದು ಆ ಕಡತದ ವಯಸ್ಸನ್ನು ಗಂಟೆಗೊಮ್ಮೆ ನೋಡಿಸಿ, ‘ಫೈಂಡ್’ ಆದೇಶದ ಎಂಮಿನ್ (-mmin, ಕಡತ ಬದಲಾಗಿ ಎಷ್ಟು ನಿಮಿಷವಾಯಿತೆಂದು ನೋಡುವ) ಆಯ್ಕೆ ಸಾಕು. ಎರಡು ಗಂಟೆ ಮೀರಿದ್ದರೆ ಮಾತ್ರ ಲಾಗ್‌ನ ಕೊನೆಯ ಸಾಲುಗಳು ನಿಮಗೆ ಬರಲಿ. ಅವುಗಳಲ್ಲಿ ಯುಐಡಿ ವ್ಯಾಲಿಡಿಟಿ (ಪತ್ರಗಳ ಗುರುತು ಸಂಖ್ಯೆಗಳು ಹಿಂದಿನವೇ ಎಂದು ಖಚಿತಪಡಿಸುವ ಸಂಖ್ಯೆ) ಬದಲಾವಣೆಯಿಂದ ಚೇತರಿಸಿಕೊಳ್ಳಲಾಗಲಿಲ್ಲ ಎಂದಿದ್ದರೆ ಯಾವ ಕಡತವನ್ನೂ ಅಳಿಸದೆ, ಮೊದಲು ಮೇಲ್‌ಡಿರ್‌ನ (ಕಂಪ್ಯೂಟರಿನಲ್ಲಿ ಪತ್ರಗಳನ್ನು ಇಟ್ಟಿರುವ ಕಡತಕೋಶದ) ಪ್ರತಿ ತೆಗೆದಿಟ್ಟು ಇಲ್ಲಿ ಬರೆಯಿರಿ.