ಅಪ್‌ಡೇಟ್: ರಾತ್ರಿಯೆಲ್ಲಾ ಕರೆಂಟ್ ತಿಂದಿದ್ದು ಸೋಲಾರ್!

ಹೋದ ತಿಂಗಳು ಕೇಳಿದ್ದೆನಲ್ಲ, ಮೈಸೂರಿನ ನಮ್ಮ ಮನೆಯಲ್ಲಿ ಡಿಸೆಂಬರ್ ಬಿಲ್ 236 ಯೂನಿಟ್ ಬಂದಿದೆ, 200 ದಾಟಿದ್ದಕ್ಕೆ ಗೃಹಜ್ಯೋತಿ (ಸರ್ಕಾರದ ಉಚಿತ ಕರೆಂಟ್ ಯೋಜನೆ) ಹೋಗಿ ಪೂರ್ತಿ ದುಡ್ಡು ಕಟ್ಟಬೇಕಾಯಿತು, ನೀರು ಕಾಯಿಸೋಕೆ ಸೋಲಾರ್ ಇದ್ದೂ ಹೀಗ್ಯಾಕೆ ಅಂತ. ಕಳ್ಳ ಸಿಕ್ಕಿದ.

ಒಬ್ಬರು ಹೇಳಿದಂತೆ ಮಲಗುವಾಗ ಒಮ್ಮೆ, ಎದ್ದ ತಕ್ಷಣ ಒಮ್ಮೆ ಮೀಟರ್ ಫೋಟೋ ತೆಗೆದೆ. ರಾತ್ರಿಯಲ್ಲೇ ಸುಮಾರು 4 ಯೂನಿಟ್ ಓಡಿತ್ತು! ಫ್ರಿಜ್ ಒಂದೇ ಇಷ್ಟು ತಿನ್ನಲ್ಲ ಅಲ್ವಾ? ಹುಡುಕಿದರೆ ಬಚ್ಚಲುಮನೆ ಹೊರಗೆ, ನೇತು ಹಾಕಿದ್ದ ಟವೆಲ್ ಹಿಂದೆ ಕೆಂಪು ದೀಪ ಉರಿಯುತ್ತಿತ್ತು. ಸೋಲಾರ್ ಟ್ಯಾಂಕಿನೊಳಗೆ ಕರೆಂಟಿನಿಂದ ನೀರು ಕಾಯಿಸುವ ಕಾಯಿಲ್‌ನ ಸ್ವಿಚ್ಚು. ಮಂಜು ಬಿದ್ದ ದಿನ ನೀರು ಕಾಯಲಿಲ್ಲ ಅಂತ ಮಾವ ಹಾಕಿದ್ದು, ಮರೆತೇ ಬಿಟ್ಟಿದ್ದಾರೆ. ಕೇಳಿದರೆ "ಆರಿಸಿದ್ದೆ ಕಣಮ್ಮ" ಅಂತಾರೆ, ಇರಲಿ. ಅದು 2000 ವ್ಯಾಟ್, ಅಂದರೆ ಗಂಟೆಗೆ 2 ಯೂನಿಟ್. ಸ್ವಿಚ್ ಹಾಕಿದ್ದರೆ ನೀರು ತಣ್ಣಗಾದಾಗೆಲ್ಲಾ ಕಾಯಿಲ್ ತಾನೇ ಆನ್ ಆಗುತ್ತೆ.

ಮಹಡಿ ಹತ್ತಿ ನೋಡಿದರೆ ಗಾಜಿನ ಕೊಳವೆಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಒದ್ದೆ ಬಟ್ಟೆಯಲ್ಲಿ ಒರೆಸಿದೆ (ಬೆಳಿಗ್ಗೆ ಬೇಗ ಒರೆಸಿ, ಬಿಸಿ ಗಾಜಿಗೆ ತಣ್ಣೀರು ಹಾಕಿದರೆ ಸೀಳಬಹುದು). ಬಿಸಿನೀರಿನ ಪೈಪಿನ ಕಪ್ಪು ಫೋಮ್ ಹರಿದಿತ್ತು, ಹೊಸದು ಸುತ್ತಿಸಿದೆ.

ಈಗ ಮೋಡ, ಮಂಜು ಇದ್ದರೆ ಮಾತ್ರ ಬೆಳಿಗ್ಗೆ ಅರ್ಧ ಗಂಟೆ ಕಾಯಿಲ್, ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ. ಮಗನಿಗೆ ಇದೇ ದೊಡ್ಡ ಕಷ್ಟ. ಈ ಸಲ 161 ಯೂನಿಟ್, 200 ದಾಟಲಿಲ್ಲ. ಹಳೇ ಬಳಕೆಯ ಸರಾಸರಿ ಲೆಕ್ಕದಲ್ಲಿ ಗೃಹಜ್ಯೋತಿಯಲ್ಲಿ ನಮಗಿರುವ ಉಚಿತ ಮಿತಿ 148, ಹಾಗಾಗಿ ಮೇಲಿನ 13ಕ್ಕಷ್ಟೇ ದುಡ್ಡು ಬಿತ್ತು.

ಮೀಟರೇ ಕೆಟ್ಟಿದೆ ಅಂದವರಿಗೆ: ಇಲ್ಲ, ಸರಿಯಾಗೇ ಇದೆ.