ಬಯೋಫೀಡ್‌ಬ್ಯಾಕ್ ಮಾಡಿಸಿದರೆ ದಾರಿಯ ಭಯ ಹೋಗುತ್ತದೆಯೇ?

ಪ್ರಶ್ನೆ (ಶಿಕ್ಷಕಿ, ಅಂಕೋಲಾ):
ನಮಸ್ತೆ ಮೇಡಂ. ದಿನಾ ಬಸ್ಸಿನಲ್ಲಿ ಅಂಕೋಲಾದಿಂದ ಕುಮಟಾ ಕಡೆಯ ಶಾಲೆಗೆ ಹೋಗುತ್ತೇನೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತಲ್ಲ, ಅವತ್ತಿನಿಂದ ಆ ಜಾಗ ಹತ್ತಿರ ಬಂತು ಅಂದರೆ ಎದೆ ಢವಢವ ಅನ್ನುತ್ತದೆ, ಕೈ ತಣ್ಣಗಾಗುತ್ತದೆ. ಬಿಸಿಲಿದ್ದ ದಿನವೂ ಹಾಗೇ. ಇಸಿಜಿ, ಥೈರಾಯ್ಡ್, ರಕ್ತ ಪರೀಕ್ಷೆ ಎಲ್ಲ ಸರಿ ಇದೆ. ಯಾರೋ ಬಯೋಫೀಡ್‌ಬ್ಯಾಕ್ ಮಾಡಿಸಿ ಅಂದರು. ಅದರಲ್ಲಿ ಶಾಕ್ ಕೊಡುತ್ತಾರಾ? ಪ್ರಯೋಜನ ಇದೆಯಾ?

ಉತ್ತರ (ಕ್ಲಿನಿಕಲ್ ಸೈಕಾಲಜಿಸ್ಟ್, ಕಾರವಾರ):
ಅಕ್ಕೋರೆ, ಮೊದಲು ಎದೆಯ ಪರೀಕ್ಷೆ ಮಾಡಿಸಿದ್ದು ಬಹಳ ಒಳ್ಳೆಯದಾಯಿತು. ಎಲ್ಲರೂ ಆ ಕ್ರಮದಲ್ಲೇ ಬರಬೇಕು. ಶಾಕ್ ಏನೂ ಇಲ್ಲ. ಯಂತ್ರ ಅಳೆದು ತೋರಿಸುತ್ತದೆ, ಅಷ್ಟೇ. ನಾಡಿ, ಉಸಿರು, ಬೆವರು, ಸ್ನಾಯುಗಳ ಬಿಗಿತ, ಬೆರಳಿನ ಬಿಸಿ, ಇವನ್ನು ನಿಮ್ಮ ಕಣ್ಣೆದುರಿಗೇ ತೋರಿಸುತ್ತದೆ. ಅದನ್ನು ನೋಡಿಕೊಂಡು ಮೈಯನ್ನು ಸಡಿಲ ಬಿಡಲು ನೀವು ಕಲಿಯುತ್ತೀರಿ.

ನೀವು ಹೇಳಿದ ತಣ್ಣಗಿನ ಕೈಯನ್ನೇ ತೆಗೆದುಕೊಳ್ಳಿ. ಬೆರಳ ತುದಿಗೆ ತೆಳ್ಳಗಿನ ವೈರೊಂದನ್ನು ಟೇಪಿನಿಂದ ಅಂಟಿಸುತ್ತೇವೆ. ಪರದೆಯಲ್ಲಿ 32.4 ಡಿಗ್ರಿ ಇದೆ ಅಂತಿಟ್ಟುಕೊಳ್ಳಿ. ‘ಬಸ್ಸು ಶಿರೂರಿಗೆ ಬಂತು ಅಂದುಕೊಳ್ಳಿ’ ಅನ್ನುತ್ತೇವೆ. 32.1, 31.7, 31.2... ಕುರ್ಚಿಯಿಂದ ಎದ್ದಿಲ್ಲ, ಆದರೂ ಅಂಕಿ ಇಳಿಯುತ್ತದೆ. ಹೆದರಿದಾಗ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ಬೆರಳಿಗೆ ರಕ್ತ ಕಡಿಮೆ ಆಗುತ್ತದೆ, ಕೈ ತಣ್ಣಗಾಗುತ್ತದೆ. ಇದು ಹುಚ್ಚಲ್ಲ, ನಾಟಕವೂ ಅಲ್ಲ ಅಂತ ಪರದೆಯಲ್ಲಿ ನೋಡಿದ ಮೇಲೆಯೇ ಎಷ್ಟೋ ಜನರಿಗೆ ಅರ್ಧ ಸಮಾಧಾನ ಆಗುತ್ತದೆ.

ಆಮೇಲಿನದು ಸ್ವಲ್ಪ ಕಷ್ಟ. ‘ಬಿಸಿಯಾಗು, ಬಿಸಿಯಾಗು’ ಅಂತ ಹಟ ಹಿಡಿದರೆ ಬೆರಳು ಇನ್ನೂ ತಣ್ಣಗಾಗುತ್ತದೆ. ಹಲ್ಲು ಕಚ್ಚಿದ್ದನ್ನು ಬಿಡಬೇಕು, ಭುಜ ಇಳಿಬಿಡಬೇಕು, ಉಸಿರು ನಿಧಾನ ಮಾಡಬೇಕು. ಅಂಕಿ ತಾನಾಗಿಯೇ ಏರಲು ಶುರುವಾಗುತ್ತದೆ. ಶಾಲೆಯಲ್ಲಿ ಚೆನ್ನಾಗಿ ಓದಿದವರಿಗೆ ಇದೇ ಜಾಸ್ತಿ ಕಷ್ಟ, ಪರೀಕ್ಷೆ ಅಂದುಕೊಂಡು ಕೂರುತ್ತಾರೆ! ಸಾಮಾನ್ಯವಾಗಿ ಎಂಟು-ಹತ್ತು ಸಲ ಬರಬೇಕಾಗುತ್ತದೆ. ಮನೆಯಲ್ಲೂ ದಿನಾ ಅಭ್ಯಾಸ ಮಾಡಬೇಕು.

ಆದರೆ ನಿಮಗೆ ಇದೊಂದೇ ಸಾಲದು. ನಿಮ್ಮ ಭಯ ಒಂದು ಜಾಗಕ್ಕೆ ಅಂಟಿಕೊಂಡಿದೆ. ಕೋಣೆಯಲ್ಲಿ ಕಲಿತದ್ದನ್ನು ಆ ದಾರಿಯಲ್ಲಿ, ಹಂತ ಹಂತವಾಗಿ ಬಳಸಬೇಕು. ಅದಕ್ಕೆ ಮಾತಿನ ಚಿಕಿತ್ಸೆ ಜೊತೆಗಿರಲಿ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಇನ್ನೊಂದು ಮಾತು: ರೆಡ್ ಅಲರ್ಟ್ ಇದ್ದ ದಿನ ಆ ದಾರಿಗೆ ಹೆದರುವುದು ಕಾಯಿಲೆ ಅಲ್ಲ. ಅವತ್ತು ಮನೆಯಲ್ಲೇ ಇರಿ.

ಪ್ರಶ್ನೆ (ಅಡಿಕೆ ಬೆಳೆಗಾರ, ಶಿರಸಿ):
ಇದು ಪ್ರಾಣಾಯಾಮವೇ ಅಲ್ವಾ ಮೇಡಂ? ಯಂತ್ರ ಯಾಕೆ ಬೇಕು?

ಉತ್ತರ:
ಹತ್ತಿರದ ನೆಂಟರು ಹೌದು. ಉಸಿರು ಒಳಗೆಳೆದಾಗ ನಾಡಿ ಸ್ವಲ್ಪ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ನಿಮಿಷಕ್ಕೆ ಆರು ಉಸಿರಿನ ಆಸುಪಾಸಿನಲ್ಲಿ ಈ ಏರಿಳಿತ ಹೆಚ್ಚಿನವರಲ್ಲಿ ತುಂಬಾ ದೊಡ್ಡದಾಗಿ, ಅಲೆಯ ಹಾಗೆ ಕಾಣುತ್ತದೆ. ಒಬ್ಬರಿಗೆ ಐದು, ಇನ್ನೊಬ್ಬರಿಗೆ ಆರೂವರೆ. ಅದನ್ನು ಹುಡುಕಿಕೊಡುವುದು ಯಂತ್ರದ ಕೆಲಸ. ಸಿಕ್ಕ ಮೇಲೆ ಯಂತ್ರ ಬೇಡ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ ಅಂತ ಇವತ್ತೇ ಶುರು ಮಾಡಿ. ತಲೆ ತಿರುಗಿದರೆ ನಿಲ್ಲಿಸಿ, ಅಂದರೆ ಜೋರಾಗಿ ಎಳೆಯುತ್ತಿದ್ದೀರಿ ಅಂತ ಅರ್ಥ.

ಪರೀಕ್ಷೆಗೆ ಬರುವಾಗ ಕವಳ (ಎಲೆ, ಅಡಿಕೆ, ತಂಬಾಕು) ಹಾಕಿಕೊಂಡು ಬರಬೇಡಿ. ಅಡಿಕೆಯಿಂದ ನಾಡಿ ಏರುತ್ತದೆ, ತಂಬಾಕಿನಿಂದ ಬೆರಳಿನ ರಕ್ತನಾಳ ಕುಗ್ಗುತ್ತದೆ. ಆಗ ಕಾಣುವುದು ಕವಳದ ಲೆಕ್ಕ, ನಿಮ್ಮದಲ್ಲ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿ, ಹೊನ್ನಾವರ):
ನನ್ನ ವಾಚಿನಲ್ಲಿ ಸ್ಟ್ರೆಸ್ 80 ಅಂತ ಬರುತ್ತದೆ. ನೋಡಿದರೆ ಇನ್ನೂ ಟೆನ್ಶನ್.

ಉತ್ತರ:
ತಮ್ಮಾ, ಆ ಅಂಕಿ ಹೆಚ್ಚಾಗಿ ನಾಡಿಯಿಂದ ಲೆಕ್ಕ ಹಾಕಿದ್ದು. ಮೆಟ್ಟಿಲು ಹತ್ತಿದರೂ, ಚಹಾ ಕುಡಿದರೂ, ನಿದ್ದೆ ಕೆಟ್ಟರೂ ಏರುತ್ತದೆ. ಅದು ರೋಗದ ರಿಪೋರ್ಟ್ ಅಲ್ಲ. ಒಂದು ವಾರ ಆ ಸೂಚನೆ ಆಫ್ ಮಾಡಿಡು. ನಮ್ಮ ಕರಾವಳಿಯ ಸೆಕೆಯಲ್ಲಿ ಕ್ಲಿನಿಕ್ಕಿನ ಯಂತ್ರಕ್ಕೂ ತೊಂದರೆ ಇದೆ. ಮೇ ತಿಂಗಳಲ್ಲಿ ಬೆವರು ಭಯಕ್ಕೋ ಸೆಕೆಗೋ ತಿಳಿಯುವುದಿಲ್ಲ. ಅದಕ್ಕೇ ಬಂದವರನ್ನು ತಂಪಾದ ಕೋಣೆಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರಿಸಿ, ಆಮೇಲೆ ಅಳೆಯುತ್ತೇವೆ.

ರಾತ್ರಿ ತಡೆಯಲಾಗದಷ್ಟು ಆತಂಕ ಆದರೆ ಯಾರೇ ಆಗಲಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ (ಶಿಕ್ಷಕಿ, ಅಂಕೋಲಾ):
ಮೇಡಂ, ಆ ಜಾಗ ಬಂದಾಗ ಕಣ್ಣು ಮುಚ್ಚಿ ಉಸಿರಾಡಲಾ? ಈಗ ಹಾಗೇ ಮಾಡುತ್ತಿದ್ದೇನೆ.

ಉತ್ತರ:
ಬೇಡ ಅಕ್ಕೋರೆ. ಕಣ್ಣು ಮುಚ್ಚಿ ದಾಟಿದರೆ ‘ನೋಡಲಿಲ್ಲ, ಅದಕ್ಕೇ ಬದುಕಿದೆ’ ಅಂತ ಮನಸ್ಸು ಲೆಕ್ಕ ಇಟ್ಟುಕೊಳ್ಳುತ್ತದೆ. ಅಂಕೋಲಾ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡುವ ಮೊದಲೇ ಉಸಿರು ನಿಧಾನ ಮಾಡಿ. ಶಿರೂರಿನಲ್ಲಿ ಕಣ್ಣು ಬಿಟ್ಟಿರಿ. ಗುಡ್ಡವೂ ಕಾಣಲಿ, ಗಂಗಾವಳಿ ನದಿಯೂ ಕಾಣಲಿ. ಮೊದಲ ಕೆಲವು ದಿನ ಜೊತೆಗೆ ಒಬ್ಬ ಸಹೋದ್ಯೋಗಿ ಕೂತಿರಲಿ. ಮುಂದಿನ ವಾರ ಹೇಗಾಯಿತು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತೇನೆ.