ಸಬ್‌ಟೈಟಲ್ ಓದಲು ಕಷ್ಟಪಡುವ ಅಮ್ಮನ ಜೊತೆ ಯಾವ ವಿದೇಶಿ ಸಿನಿಮಾ ನೋಡಬಹುದು?

ರಾತ್ರಿಪಾಳಿ:
ಒಬ್ಬನೇ ನೋಡುವಾಗ ನನಗೆ ಯಾವ ತೊಂದರೆಯೂ ಇಲ್ಲ. ಈಗ ಅಮ್ಮ ಬಂದು ನನ್ನ ಜೊತೆ ಇದ್ದಾರೆ. ಧಾರಾವಾಹಿ ನೋಡಿ ನೋಡಿ ಸಾಕಾಗಿದೆಯಂತೆ, ರಾತ್ರಿ ಊಟ ಆದ ಮೇಲೆ ‘ಬೇರೆ ಏನಾದರೂ ಹಾಕೋ’ ಅಂತಾರೆ. ಸರಿ ಅಂತ ಮೊನ್ನೆ ಇರಾನಿನ ‘ಎ ಸೆಪರೇಷನ್’ ಹಾಕಿದೆ, ನನಗೆ ಪ್ರಾಣ ಅದು. ಅಮ್ಮ ಇಂಗ್ಲಿಷ್ ಓದುತ್ತಾರೆ, ಆದರೆ ನಿಧಾನ. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಮುಂದಿನದು ಬಂದು ಹೋಗಿರುತ್ತದೆ. ಹತ್ತು ನಿಮಿಷ ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ, ಆಮೇಲೆ ‘ನೀನು ನೋಡಪ್ಪ, ನಂಗೆ ನಿದ್ದೆ ಬರ್ತಿದೆ’ ಅಂತ ಎದ್ದು ಹೋದರು. ನಿದ್ದೆ ಎಲ್ಲಿಂದ ಬರಬೇಕು, ರೂಮಿನೊಳಗೆ ಮೊಬೈಲ್ ಬೆಳಕು ಕಾಣಿಸುತ್ತಲೇ ಇತ್ತು.

ಕನ್ನಡ ಸಬ್‌ಟೈಟಲ್ ಸಿಗುವುದು ಅಪರೂಪ. ‘ನೋಡಲೇಬೇಕಾದ ನೂರು ಸಿನಿಮಾ’ ಥರದ ಪಟ್ಟಿಗಳಲ್ಲಿ ಮಾತು ಎಷ್ಟಿದೆ ಅಂತ ಯಾರೂ ಬರೆಯಲ್ಲ. ಏನು ಹಾಕಲಿ, ಹುಡುಕೋದಾದರೂ ಹೇಗೆ?

ಹಳೇ ರೀಲು:
ಅಲ್ಲ ಮಾರಾಯ್ರೇ, ಆ ಸಿನಿಮಾ ಶುರುವಾಗುವುದೇ ಜಡ್ಜ್ ಮುಂದೆ ಗಂಡ ಹೆಂಡತಿ ವಾದ ಮಾಡುವುದರಿಂದ. ಕ್ಯಾಮೆರಾ ಕದಲುವುದಿಲ್ಲ, ಇಬ್ಬರೂ ನಮ್ಮ ಕಡೆಗೇ ಮುಖ ಮಾಡಿ ಮಾತಾಡುತ್ತಲೇ ಇರುತ್ತಾರೆ. ಒಳ್ಳೆ ಸಿನಿಮಾನೇ, ಆದರೆ ಮೊದಲ ದಿನಕ್ಕಲ್ಲ.

ಇರಾನೇ ಬೇಕಂದ್ರೆ ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ (1997) ಹಾಕಿ. ರಿಪೇರಿಗೆ ಕೊಟ್ಟಿದ್ದ ತಂಗಿಯ ಶೂ ಅಣ್ಣನ ಕೈಯಲ್ಲಿ ಕಳೆದುಹೋಗುತ್ತದೆ. ಅಪ್ಪನಿಗೆ ಹೇಳುವ ಹಾಗಿಲ್ಲ, ಮನೆಯಲ್ಲಿ ದುಡ್ಡಿಲ್ಲ. ಬೆಳಿಗ್ಗೆ ಅವಳು ಅಣ್ಣನ ಶೂ ಹಾಕಿಕೊಂಡು ಸ್ಕೂಲಿಗೆ ಹೋಗಿ ಓಡೋಡಿ ವಾಪಸ್ ಬರಬೇಕು, ಗಲ್ಲಿಯಲ್ಲಿ ಬದಲಾಯಿಸಿಕೊಂಡು ಇವನು ಓಡಬೇಕು. ಇಷ್ಟೇ. ಇಷ್ಟು ಹೇಳಿ ಕೂರಿಸಿದರೆ ಅರ್ಧ ಮಾತು ಓದದಿದ್ದರೂ ನಡೆಯುತ್ತದೆ, ಕಥೆ ಪೂರ್ತಿ ಮಕ್ಕಳ ಕಾಲಲ್ಲಿ, ಮುಖದಲ್ಲಿ ಇದೆ. ಒಂದೂವರೆ ಗಂಟೆ ಅಷ್ಟೇ.

ಅದು ಹಿಡಿಸಿದರೆ ಜಪಾನಿನ ಕಾನೆಟೊ ಶಿಂಡೊ ಮಾಡಿದ ‘ದಿ ನೇಕೆಡ್ ಐಲೆಂಡ್’ (1960). ಹೆಸರು ನೋಡಿ ಗಾಬರಿಯಾಗಬೇಡಿ, ಬೋಳು ದ್ವೀಪ ಅಂತ ಅರ್ಥ! ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು. ದ್ವೀಪದಲ್ಲಿ ಕುಡಿಯಲು ನೀರಿಲ್ಲ. ದೋಣಿಯಲ್ಲಿ ಹೋಗಿ ನೀರು ತಂದು, ಕೋಲಿಗೆ ಎರಡು ಬಕೆಟ್ ಕಟ್ಟಿ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿ ಗಿಡಗಳಿಗೆ ಹಾಕುತ್ತಾರೆ. ಮಾತೇ ಇಲ್ಲ ಅನ್ನಬಹುದು.

ಸೋಫಾ ಮೂಲೆ:
ನಾನು ಸ್ವಲ್ಪ ಬೇರೆ ಹೇಳ್ತೀನಿ. ಮಾತಿಲ್ಲ ಅಂದಮಾತ್ರಕ್ಕೆ ಎಲ್ಲರಿಗೂ ಹಿಡಿಸುತ್ತೆ ಅಂತಲ್ಲ. ನಮ್ಮ ಅತ್ತೆಗೆ ಇದೇ ನೇಕೆಡ್ ಐಲೆಂಡ್ ತೋರಿಸಿ ನಾನು ಬೈಸಿಕೊಂಡಿದ್ದೇನೆ, ‘ಎಷ್ಟು ಸಲ ನೀರು ಹೊರಿಸ್ತೀಯ’ ಅಂತ. ಮೊದಲು ನಗಿಸುವಂಥದ್ದು ಹಾಕಿ. ಫ್ರಾನ್ಸಿನ ಜಾಕ್ ತತಿ ತಾನೇ ನಟಿಸಿದ ಮಾನ್ಸಿಯರ್ ಹ್ಯುಲೋ ಅನ್ನೋ ಪಾತ್ರದ ಸಿನಿಮಾಗಳಲ್ಲಿ ಮಾತಿಗಿಂತ ಬಾಗಿಲಿನ ಸದ್ದು, ಚಪ್ಪಲಿಯ ಸದ್ದೇ ಜಾಸ್ತಿ. ಅನಿಮೇಷನ್ ಆಗಬಹುದಾದರೆ ಲಾಟ್ವಿಯಾದ ‘ಫ್ಲೋ’ (2024), ಪ್ರವಾಹದಲ್ಲಿ ಸಿಕ್ಕಿಕೊಂಡ ಬೆಕ್ಕಿನ ಕಥೆ. ಒಂದು ಮಾತೂ ಇಲ್ಲ, ಅನಿಮೇಷನ್ ಆಸ್ಕರ್ ಗೆದ್ದಿದೆ.

ಹುಡುಕೋದು ಸುಲಭ. ಸಿನಿಮಾ ನೋಡಿದವರು ಅಭಿಪ್ರಾಯ ಬರೆಯುವ ಲೆಟರ್‌ಬಾಕ್ಸ್‌ಡ್ ಅನ್ನೋ ಸೈಟಿನಲ್ಲಿ ‘ನೋ ಡೈಲಾಗ್’ ಅಂತ ಹಾಕಿ, ಜನ ಮಾಡಿಟ್ಟ ಪಟ್ಟಿಗಳು ಬೇಕಾದಷ್ಟಿವೆ. ಯಾವ ದೇಶ ಯಾವ ವರ್ಷ ಆಸ್ಕರ್‌ಗೆ ಏನು ಕಳಿಸಿತು ಅನ್ನೋದು ವಿಕಿಪೀಡಿಯಾದಲ್ಲಿದೆ. ಗೆದ್ದದ್ದಷ್ಟೇ ನೋಡಬೇಡಿ, ಕಳಿಸಿದ್ದನ್ನೂ ನೋಡಿ. ಒಂದು ಇಷ್ಟವಾದರೆ ಅದೇ ನಿರ್ದೇಶಕರ ಇನ್ನೊಂದು. ಸುಮ್ನೆ ಸ್ಟಾರ್ ರೇಟಿಂಗ್ ನೋಡಿ ಹೋದರೆ ಜಪಾನಿನ ‘ಸೆವೆನ್ ಸಮುರಾಯ್’ಗೆ ಬಂದು ನಿಲ್ಲುತ್ತೀರಿ. 207 ನಿಮಿಷ, ರಾತ್ರಿ ಊಟ ಆದ ಮೇಲೆ ಶುರು ಮಾಡುವ ಬಾಬತ್ತಲ್ಲ.

ಕಪ್ಪುಬಿಳುಪು:
ಸಿನಿಮಾ ಬದಲಾಯಿಸುವ ಮೊದಲು ಸೆಟ್ಟಿಂಗ್ ನೋಡಿ. ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿ, ಹಿಂದೆ ಕಪ್ಪು ಪಟ್ಟಿ ಹಾಕಿ. ಹಳೇ ಕಪ್ಪುಬಿಳುಪು ಸಿನಿಮಾದಲ್ಲಿ ಬಿಳಿ ಅಂಗಿಯ ಮೇಲೆ ಬಿಳಿ ಅಕ್ಷರ ಬಂದರೆ ಚಿಕ್ಕವರಿಗೇ ಕಾಣಲ್ಲ, ಇನ್ನು ಅಮ್ಮನಿಗೆ? ಕಂಪ್ಯೂಟರಿನ ವಿಎಲ್‌ಸಿ ವಿಡಿಯೋ ಪ್ಲೇಯರಿನಲ್ಲಿ ನೋಡುವಾಗ ಸಬ್‌ಟೈಟಲ್ ಹಿಂದೆ ಮುಂದೆ ಆದರೆ ಕೀಬೋರ್ಡಿನ ‘ಜಿ’ ಮತ್ತು ‘ಎಚ್’ ಒತ್ತಿ ಸರಿಮಾಡಬಹುದು, ಒಂದು ಸಲಕ್ಕೆ 50 ಮಿಲಿಸೆಕೆಂಡ್. ಆಮೇಲೆ, ಡಬ್ಬಿಂಗ್ ತಾನಾಗೇ ಆನ್ ಆಗಿರುತ್ತದೆ ಕೆಲವು ಕಡೆ, ಆಡಿಯೋ ಮೂಲ ಭಾಷೆಯಲ್ಲಿದೆಯಾ ನೋಡಿಕೊಳ್ಳಿ. ಮತ್ತೆ ಪಕ್ಕದಲ್ಲಿ ಕೂತು ಪ್ರತಿ ಸಾಲೂ ಅನುವಾದ ಮಾಡೋದನ್ನ ಬಿಡಿ ಸ್ವಾಮಿ. ನೀವು ಮಾತಾಡ್ತಾ ಇದ್ದರೆ ಅವರು ನೋಡೋದು ಯಾವಾಗ?

ರಾತ್ರಿಪಾಳಿ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಅಕ್ಷರ ದೊಡ್ಡದು ಮಾಡಿ, ಕಥೆ ನಾಲ್ಕು ಮಾತಲ್ಲಿ ಹೇಳಿ, ಬಾಯಿ ಮುಚ್ಚಿಕೊಂಡು ‘ಚಿಲ್ಡ್ರನ್ ಆಫ್ ಹೆವನ್’ ಹಾಕಿದೆ. ಆ ಹುಡುಗಿಯ ಕಾಲಿಂದ ಒಂದು ಶೂ ಕಳಚಿ ಕಾಲುವೆ ನೀರಿಗೆ ಬಿದ್ದು ತೇಲಿಕೊಂಡು ಹೋಗುತ್ತಲ್ಲ, ಅಮ್ಮ ಸೋಫಾ ತುದಿಗೆ ಬಂದು ‘ಅಯ್ಯೋ ಹಿಡಿಯೇ, ಹಿಡಿಯೇ’ ಅಂತ ಕೂಗಿದರು! ಸಬ್‌ಟೈಟಲ್ ಕಡೆ ನೋಡುತ್ತಲೇ ಇರಲಿಲ್ಲ.

ಸೋಫಾ ಮೂಲೆಯವರ ಮಾತು ಕೇಳದೆ ನಿನ್ನೆ ನೇಕೆಡ್ ಐಲೆಂಡ್ ಕೂಡ ಹಾಕಿದೆ. ಪೂರ್ತಿ ನೋಡಿದರು. ಮಧ್ಯದಲ್ಲಿ ಒಂದೇ ಒಂದು ಸಲ ನನ್ನ ಕಡೆ ತಿರುಗಿ, ‘ಇಷ್ಟು ಕಷ್ಟಪಡೋ ಬದಲು ಅಲ್ಲೇ ಒಂದು ಬಾವಿ ತೋಡಬಾರದಾ?’ ಅಂದರು. ಏನಂತ ಹೇಳಲಿ?